ಗುಜರಿಗೆ ಕೊಟ್ಟ ಪಿಕಪ್ ಹಾಸನದಲ್ಲಿ ಮಾರಾಟಕ್ಕಿದೆ

ಭೀಮನ ಅಮಾವಾಸ್ಯೆ ಕಳೆದ ಮಾರನೆಯ ದಿನ ಹಾಸನದಿಂದ ನನ್ನ ಭಾವಮೈದುನ ಮೊಬೈಲಿಗೆ ಒಂದು ಫೋಟೊ ಕಳಿಸಿದ. ಬಿಳಿ ಪಿಕಪ್, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾರೆ, ಟೈರುಗಳಿಗೆ ಕಪ್ಪು ಪಾಲಿಶ್. ಜೊತೆಗೆ ನಾಲ್ಕು ಸಾಲು: "ಭಾವ, 2 ಲಕ್ಷದ 80 ಸಾವಿರ ಹೇಳುತ್ತಿದ್ದಾರೆ. ಆಲೂಗಡ್ಡೆ ಕೀಳುವುದರೊಳಗೆ ಒಂದು ಗಾಡಿ ಬೇಕು. ಎಂಜಿನ್ ಶಬ್ದ ಚೆನ್ನಾಗಿದೆ. ನೀವು ಏನು ಹೇಳುತ್ತೀರಿ?"

ಎಂಜಿನ್ ಶಬ್ದ ಹೇಗಿದೆ ಎಂದು ಅವನು ನನಗೆ ಹೇಳಬೇಕಾಗಿರಲಿಲ್ಲ. ಹಿಂದಿನ ಬಾಗಿಲಿನ ಎಡ ಮೂಲೆಯಲ್ಲಿರುವ ನೆಗ್ಗು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಮ್ಮ ಪಲ್ಪರ್ ಮನೆಯ ಕಂಬಕ್ಕೆ ನಾನೇ ತಾಗಿಸಿದ್ದು. ಎರಡು ತಿಂಗಳ ಹಿಂದೆ ಗುಜರಿಗೆಂದು ಕೊಟ್ಟು ಕೈತೊಳೆದುಕೊಂಡ ಗಾಡಿ ಅದು.

ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ. ಅವನು ಕೊಳ್ಳುವುದಿಲ್ಲ, ಸರಿ. ಆದರೆ ಗಾಡಿ ಇನ್ನೂ ಹಾಸನದ ಸುತ್ತಮುತ್ತಲೇ ಎಲ್ಲೋ ನಿಂತಿದೆ. ಯಾವ ಕಂಪನಿಯದ್ದು ಎಂದು ಬರೆಯುವುದಿಲ್ಲ, ತಪ್ಪು ಕಂಪನಿಯದ್ದಲ್ಲ.

ನಮ್ಮದು ಆಲ್ದೂರಿನ ಕಡೆ ನಾಲ್ಕು ಎಕರೆ ಕಾಫಿ, ನಡುವೆ ಮೆಣಸು. ವರ್ಷವರ್ಷ ಬಾಡಿಗೆ ಗಾಡಿಯವರ ಮರ್ಜಿ ಕಾಯುವುದು ಸಾಕಾಗಿ, 2022ರ ಡಿಸೆಂಬರ್‌ನಲ್ಲಿ ಕುಯಿಲು ಜೋರಾಗುವ ಮುಂಚೆ ಚಿಕ್ಕಮಗಳೂರಿನ ಒಬ್ಬ ದಲ್ಲಾಳಿಯಿಂದ ಈ ಪಿಕಪ್ ಕೊಂಡೆ. 2012ರ ಮಾಡೆಲ್, 3 ಲಕ್ಷದ 10 ಸಾವಿರ. ಮೀಟರಿನಲ್ಲಿ 1,42,000 ಕಿಲೋಮೀಟರ್ ತೋರಿಸುತ್ತಿತ್ತು. ಕ್ಲಚ್ ಪೆಡಲಿನ ರಬ್ಬರ್ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಎರಡನ್ನೂ ನೋಡಿದೆ, ಒಂದಕ್ಕೊಂದು ತಾಳೆ ಹಾಕಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿಸಿದೆ, ಹೊಗೆ ನೋಡಿದೆ, ಆಯಿಲ್ ಮುಚ್ಚಳ ತೆಗೆದು ಕೈಯಿಟ್ಟು ಉಸಿರು ಎಷ್ಟು ಬರುತ್ತದೆ ಎಂದು ಪರೀಕ್ಷಿಸಿದೆ. ರೇಡಿಯೇಟರ್ ನೀರಿನಲ್ಲಿ ಎಣ್ಣೆ ತೇಲುತ್ತಿದೆಯೇ ಎಂದೂ ನೋಡಿದೆ. ದೊಡ್ಡ ತಜ್ಞನ ಹಾಗೆ ಇಷ್ಟೆಲ್ಲ ಮಾಡಿದವನು ಗಾಡಿಯ ಕೆಳಗೆ ಮಾತ್ರ ಬಗ್ಗಲಿಲ್ಲ. ಅಂದು ಬಿಳಿ ಪಂಚೆ ಉಟ್ಟಿದ್ದೆ.

ನಂಬರ್ ಪ್ಲೇಟಿನಲ್ಲಿ ಕೆಎ 20 ಎಂದಿತ್ತು. ಉಡುಪಿ ಎಂಬುದು ಗೊತ್ತಿತ್ತು. "ಅಲ್ಲಿ ಟೈಲ್ಸ್ ಅಂಗಡಿಯವರ ಗಾಡಿ ಅಣ್ಣ, ಮನೆ ಮಗುವಿನ ಹಾಗೆ ಇಟ್ಟಿದ್ದರು" ಎಂದ ದಲ್ಲಾಳಿ. ಬಾಡಿಯ ನೆಲಕ್ಕೆ ಹೊಸ ಚೆಕ್ಕರ್ ಪ್ಲೇಟ್ ಹಾಸಿತ್ತು, ಕೆಳಗೆಲ್ಲ ಹೊಸ ಕಪ್ಪು ಬಣ್ಣ. ನನಗೆ ಅದು ಕಾಳಜಿಯಾಗಿ ಕಂಡಿತು. ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಇನ್ನೂ ಹತ್ತು ತಿಂಗಳಿತ್ತು. ಎಂಟು ವರ್ಷ ದಾಟಿದ ಸಾಗಣೆ ವಾಹನಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ ಆಗಲೇಬೇಕು, ಹಾಗಾಗಿ ಯಾರೋ ತಿಳಿದವರು ಇತ್ತೀಚೆಗೆ ನೋಡಿದ್ದಾರೆ ಎಂದು ಧೈರ್ಯವಾಗಿದ್ದೆ. ಎಫ್‌ಸಿ ಕಾಗದವನ್ನು ಹಾಗೆ ಓದಬೇಡಿ. ಅದು ಆ ಒಂದು ದಿನದ ಲೈಟು, ಬ್ರೇಕು, ಹಾರನ್ನಿನ ಲೆಕ್ಕ. ಬಣ್ಣದ ಹಿಂದೆ ಏನಿದೆ ಎಂದು ಕೆರೆದು ನೋಡಿದ ಲೆಕ್ಕವಲ್ಲ.

ಡಿಸೆಂಬರ್, ಜನವರಿ, ಫೆಬ್ರವರಿ ಏನೂ ತೊಂದರೆಯಾಗಲಿಲ್ಲ. ಗಾಡಿಯ ವಿಷಯ ಮೊದಲು ಹೇಳಿದ್ದು ನಮ್ಮ ನಾಯಿ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿತ್ತು. ಮರುದಿನ ಬಿಸಿಲು ಏರಿದ ಹಾಗೆ ಅಂಗಳದಲ್ಲಿ ಒಂದು ವಾಸನೆ ಎದ್ದಿತು. ಇಲಿ ಸತ್ತಿರಬೇಕು ಎಂದು ನನ್ನ ಹೆಂಡತಿ ಸೌದೆ ಕೊಟ್ಟಿಗೆಯನ್ನೆಲ್ಲ ತೆಗೆಸಿದಳು. ಏನೂ ಸಿಗಲಿಲ್ಲ. ನಾಯಿ ಮಾತ್ರ ಪಿಕಪ್ಪಿನ ಕೆಳಗೆ ಮಲಗಿ, ಕತ್ತು ಮೇಲೆತ್ತಿ, ಚಾಸಿಯನ್ನು, ಅಂದರೆ ಇಡೀ ಗಾಡಿಯನ್ನು ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟನ್ನು, ನೆಕ್ಕುತ್ತಿತ್ತು. ಓಡಿಸಿದರೆ ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ. ಸಂಜೆಯ ಹೊತ್ತಿಗೆ ಪಕ್ಕದಲ್ಲಿ ತೋಟದ ಆಳುಗಳಿರುವ ಲೈನ್ ಮನೆಗಳ ಬೆಕ್ಕುಗಳೂ ಬಂದು ಕುಳಿತವು. ನಾವು ನಕ್ಕೆವು. ಮೀನು! ಟೈಲ್ಸ್ ಅಂಗಡಿಯೂ ಇಲ್ಲ, ಮನೆ ಮಗುವೂ ಇಲ್ಲ, ವರ್ಷಗಟ್ಟಲೆ ಮೀನು ಹೊತ್ತ ಗಾಡಿ.

ನಗಬಾರದಿತ್ತು. ವಾಸನೆ ತೊಳೆದರೆ ಹೋಗುತ್ತದೆ ಎಂದುಕೊಂಡೆ. ಮೀನಿನ ಬುಟ್ಟಿಯಿಂದ ಮಂಜುಗಡ್ಡೆ ಕರಗಿ ಇಳಿಯುವುದು ಉಪ್ಪುನೀರು. ಬಾಡಿಯ ತೂತುಗಳಿಂದ ಅದು ನೇರ ಚಾಸಿಯ ಮೇಲೆ ಬೀಳುತ್ತದೆ. ಎರಡು ತಗಡು ಜೋಡಿಸಿ ರಿವೆಟ್ ಹೊಡೆದ ಕಡೆ, ಅದರಲ್ಲೂ ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಹಿಡಿದಿರುವ ಬ್ರಾಕೆಟ್ಟಿನ ಸಂದಿಯಲ್ಲಿ, ಮಣ್ಣಿನ ಜೊತೆ ಸೇರಿ ಕೂರುತ್ತದೆ. ಉಪ್ಪು ಗಾಳಿಯ ತೇವವನ್ನೂ ಎಳೆದುಕೊಳ್ಳುವುದರಿಂದ ಆ ಜಾಗ ಒಣಗುವುದೇ ಇಲ್ಲ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ತಗಡುಗಳ ನಡುವೆ ಅದು ಉಬ್ಬಿದಂತೆ ರಿವೆಟ್ ಸಡಿಲವಾಗುತ್ತದೆ. ಹೊರಗೆ ಬಣ್ಣ, ಒಳಗೆ ಹಪ್ಪಳ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಹೂಮಳೆಯಾಗಿ ಒಂದು ವಾರಕ್ಕೆ 24 ಮೂಟೆ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಹೇರಿಕೊಂಡು ಅದನ್ನು ಸುಲಿದು ಬೀಜ ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಹೊರಟೆ. ಮೂಟೆಗೆ 50 ಕಿಲೋದಂತೆ 1,200 ಕಿಲೋ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ, ಒಟ್ಟು ತೂಕ ಎರಡೂ ಇರುತ್ತವೆ. ಒಂದರಿಂದ ಒಂದನ್ನು ಕಳೆದರೆ ನನಗೆ 1,235 ಕಿಲೋ ಹೇರಲು ಅವಕಾಶವಿತ್ತು. ಓವರ್‌ಲೋಡ್ ಹಾಕಿ ಮುರಿದುಕೊಂಡ ಎಂದು ಹೇಳುವವರಿಗಾಗಿ ಈ ಲೆಕ್ಕ.

ಒಂದು ಇಳಿಜಾರಿನ ತಿರುವಿನಲ್ಲಿ ಹಿಂದೆ 'ಟಪ್' ಎಂದಿತು. ದೊಡ್ಡ ಶಬ್ದವೇನಲ್ಲ, ಒಣ ಕೊಂಬೆ ಮುರಿದ ಹಾಗೆ. ಗಾಡಿ ಎಡಕ್ಕೆ ಕುಸಿಯಿತು, ಸ್ಟೀರಿಂಗ್ ಕೈಯಲ್ಲೇ ಒಂದು ಗೇಣು ತಿರುಗಿತು, ರಬ್ಬರ್ ಸುಟ್ಟ ವಾಸನೆ ಬಂತು. ಎರಡನೆಯ ಗೇರಿನಲ್ಲಿ ಇದ್ದುದರಿಂದ ರಸ್ತೆಬದಿಯ ಮಣ್ಣಿಗೆ ತಂದು ನಿಲ್ಲಿಸಿದೆ. ಪಕ್ಕದ ಸೀಟಿನಲ್ಲಿದ್ದ ನಮ್ಮ ಹುಡುಗ ಇಳಿದು ನೋಡಿ, ಏನೂ ಹೇಳದೆ ದೂರ ಹೋಗಿ ಕುಳಿತ. ಎಡ ಹಿಂಬದಿಯ ಬ್ರಾಕೆಟ್ ಚಾಸಿಯಿಂದ ಒಂದು ತುಂಡು ಕಬ್ಬಿಣವನ್ನೂ ಕಿತ್ತುಕೊಂಡು ಬಂದಿತ್ತು. ಕೊನೆಯ ಮೂಟೆಯನ್ನು ಬೇರೆ ಗಾಡಿಗೆ ಹಾಕುವಾಗ ಕತ್ತಲಾಗಿತ್ತು.

ಗ್ಯಾರೇಜಿನ ಸಾಬರು ಗಾಡಿ ಎತ್ತಿಸಿ, ಕೆಳಗೆ ಮಲಗಿ, ನನ್ನನ್ನೂ ಕರೆದರು. ಅಂದು ಮೊದಲ ಸಲ ನನ್ನ ಗಾಡಿಯ ಹೊಟ್ಟೆ ನೋಡಿದೆ. ಅವರು ಸ್ಕ್ರೂ ಡ್ರೈವರ್ ತೆಗೆದು, ಮುರಿದ ಜಾಗವನ್ನಲ್ಲ, ಮುರಿಯದ ಬಲಗಡೆಯನ್ನು ಒತ್ತಿದರು. ಹಣ್ಣಾದ ಹಲಸಿಗೆ ಚಾಕು ಇಳಿದಂತೆ ಹಿಡಿಯವರೆಗೂ ಹೋಯಿತು. ಹೊರಗೆಳೆದಾಗ ಕಂದು ಪುಡಿ ನನ್ನ ಮುಖದ ಮೇಲೆ ಉದುರಿತು. ಇನ್ನೊಂದು ಕಡೆ ಸುತ್ತಿಗೆಯಿಂದ ತಟ್ಟಿದರೆ 'ಠಣ್' ಎನ್ನಲಿಲ್ಲ, ಹೆಂಚಿನ ಚೂರಿನ ಹಾಗೆ 'ದಬ್' ಎಂದಿತು. ಒಂದೆಡೆ ಬಣ್ಣದ ಕೆಳಗೆ ಬರೀ ಪುಟ್ಟಿ.

"ಗೌಡರೇ, ಇದರಲ್ಲಿ ಚಾಸಿ ಇಲ್ಲ, ಬಣ್ಣ ನಿಂತಿದೆ ಅಷ್ಟೆ. ತೇಪೆ ಹಾಕುತ್ತೇನೆ ಎಂದರೆ ವೆಲ್ಡಿಂಗ್ ಹಿಡಿಯಲು ಗಟ್ಟಿ ಕಬ್ಬಿಣ ಬೇಕಲ್ಲ?"

ಎಂಜಿನ್? "ಎಂಜಿನ್ ಬಂಗಾರ," ಎಂದರು. ಅದೇ ನನಗೆ ಹೆಚ್ಚು ಉರಿದದ್ದು.

ಆಮೇಲೆ ಇದೇ ಮಾಡೆಲ್ ಇಟ್ಟುಕೊಂಡವರನ್ನೆಲ್ಲ ಹುಡುಕಿ ಮಾತನಾಡಿಸಿದೆ. ನಮ್ಮ ಊರಿನ ಹಿರಿಯರೊಬ್ಬರದ್ದು ನನ್ನದಕ್ಕಿಂತ ಒಂದು ವರ್ಷ ಹಳೆಯದು, ಕೆಎ 18, ಮೊದಲಿನಿಂದಲೂ ಒಂದೇ ಕೈ. 2,90,000 ಕಿಲೋಮೀಟರ್ ದಾಟಿದೆ. ಎರಡು ಸಲ ಕ್ಲಚ್ ಪ್ಲೇಟ್, ಒಂದು ಸಲ ಇಂಜೆಕ್ಟರ್, ಒಂದು ರೇಡಿಯೇಟರ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಎಷ್ಟು ಸಲ ಎಂದು ಅವರಿಗೇ ನೆನಪಿಲ್ಲ. ಚಾಸಿ ಮಾತ್ರ ಇಂದಿಗೂ 'ಠಣ್' ಎನ್ನುತ್ತದೆ. ಅವರು ಗೊಬ್ಬರ ತಂದ ದಿನವೇ ಬಾಡಿ ಮತ್ತು ಕೆಳಭಾಗಕ್ಕೆ ಪೈಪಿನಲ್ಲಿ ನೀರು ಹೊಡೆಸುತ್ತಾರೆ. ನಾನು ಅದನ್ನು ಮುದುಕರ ಚಟ ಎಂದುಕೊಂಡಿದ್ದೆ. ಪೊಟ್ಯಾಷ್ ಎಂದು ನಾವು ಗಿಡಕ್ಕೆ ಹಾಕುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆಯ ಉಪ್ಪು ಸೋಡಿಯಂ ಕ್ಲೋರೈಡ್. ಕಬ್ಬಿಣದ ಪಾಲಿಗೆ ಎರಡೂ ಅಣ್ಣತಮ್ಮಂದಿರೇ. ಹಾಗಾಗಿ ಘಟ್ಟದ ಮೇಲಿನ ಗಾಡಿ ಎಂದ ಮಾತ್ರಕ್ಕೆ ತೋಟದ ಗಾಡಿಯನ್ನೂ ಕಣ್ಣು ಮುಚ್ಚಿ ಕೊಳ್ಳಬೇಡಿ. ಅರಕಲಗೂಡಿನ ಕಡೆ ಶುಂಠಿ ಹೊರುವ ಪರಿಚಯದವರೊಬ್ಬರದ್ದು ಬೇರೆಯೇ ಕಥೆ. ತುಕ್ಕಿಲ್ಲ, ಆದರೆ ಸೀಸನ್ನಿನಲ್ಲಿ ಎರಡು ಟನ್‌ಗೂ ಮೇಲೆ ಹೇರಿ ಹೇರಿ ಕ್ಯಾಬಿನ್ನಿನ ಹಿಂದೆ ಚಾಸಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಮೂರು ಗಾಡಿ, ಒಂದೇ ಮಾಡೆಲ್. ಇದು ಬಾಳಿಕೆ ಬರುತ್ತದೆಯೇ ಎಂದು ನನ್ನನ್ನು ಕೇಳಿದರೆ, ಅದು ಏನು ಹೊತ್ತಿತ್ತು ಎಂದು ತಿರುಗಿ ಕೇಳುತ್ತೇನೆ.

ಹಳೆಯ ಪಿಕಪ್ ನೋಡಲು ಹೋಗುವವರು ಒಂದು ಗೋಣಿಚೀಲ, ಟಾರ್ಚ್, ಸಣ್ಣ ಸುತ್ತಿಗೆ ಒಯ್ಯಿರಿ. ಗೋಣಿಚೀಲ ಹಾಸಿ ಹಿಂದಿನ ಚಕ್ರಗಳ ನಡುವೆ ಮಲಗಿ. ಹತ್ತು ವರ್ಷದ ಗಾಡಿಯ ಕೆಳಗೆ ಹೊಸ ಕಪ್ಪು ಬಣ್ಣ ಕಂಡರೆ ಕಾರಣ ಕೇಳಿ, ಬಾಡಿಯ ನೆಲಕ್ಕೆ ಹೊಸ ತಗಡು ಹಾಸಿದ್ದರೆ ಒಂದು ಮೂಲೆಯಾದರೂ ಎತ್ತಿಸಿ. ಅಯಸ್ಕಾಂತವೊಂದು ಜೇಬಿನಲ್ಲಿದ್ದರೆ ಪುಟ್ಟಿ ತಕ್ಷಣ ಸಿಕ್ಕಿಬೀಳುತ್ತದೆ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ. 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು, ಪಾಲಿಶ್ ಎಷ್ಟೇ ಹೊಳೆಯಲಿ. ಸಾಧ್ಯವಾದರೆ ಮಳೆ ಬಂದ ಮರುದಿನ ಹೋಗಿ. ನಾಯಿ ಇದ್ದರೆ ಅದನ್ನೂ ಕರೆದುಕೊಂಡು ಹೋಗಿ, ತಮಾಷೆಗೆ ಹೇಳುತ್ತಿಲ್ಲ.

ಇನ್ನು ನಾನು ಮಾಡಿದ ಎರಡನೆಯ ದಡ್ಡತನ. ಮೇ ತಿಂಗಳಲ್ಲಿ ಅದೇ ದಲ್ಲಾಳಿ ಬಂದು "ಗುಜರಿಗೆ ಹಾಕಿಸುತ್ತೇನೆ, 95 ಸಾವಿರ ಕೊಡುತ್ತೇನೆ" ಎಂದ. ಮಳೆಗಾಲದೊಳಗೆ ಅಂಗಳ ಖಾಲಿಯಾದರೆ ಸಾಕಿತ್ತು. ಗಾಡಿಯನ್ನು ಬೇರೆಯವರ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಖಾಲಿಯಾಗಿಯೇ ಸಹಿ ಹಾಕಿ, ಆರ್‌ಸಿಯನ್ನೂ ಅವನ ಕೈಗೆ ಕೊಟ್ಟೆ. ಗುಜರಿಗೆ ಹೋಗುವ ಗಾಡಿಗೆ ಸಹಿ ಮಾಡಿದ ವರ್ಗಾವಣೆ ಕಾಗದ ಯಾಕೆ ಬೇಕು ಎಂದು ಆ ಕ್ಷಣ ಕೇಳಿದ್ದರೆ ಈ ಬರಹವೇ ಬೇಕಿರಲಿಲ್ಲ. ನೋಂದಣಿ ರದ್ದು ಮಾಡಿಸಿದ ಮೇಲೆಯೇ ಗಾಡಿ ಅಂಗಳ ದಾಟಬೇಕಿತ್ತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೆ ಅನುಮಾನವಿತ್ತು. 95 ಸಾವಿರ ಗುಜರಿಯ ದರವಲ್ಲ. ಕೇಳಿದರೆ ದುಡ್ಡು ಕಡಿಮೆಯಾದೀತು ಎಂದು ಸುಮ್ಮನಿದ್ದೆ.

ಕೈಯಿಂದ ಕೈಗೆ ಎಷ್ಟು ಜನರನ್ನು ದಾಟಿದ್ದರೂ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಮಟ್ಟಿಗೆ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಫೋಟೊ ನೋಡಿದ ರಾತ್ರಿ ವಾಹನಗಳ ದಾಖಲೆ ತೋರಿಸುವ ಸರ್ಕಾರಿ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದೆ. ಮರುದಿನ ದಲ್ಲಾಳಿಗೆ ಫೋನ್ ಮಾಡಿದರೆ "ಹಾಸನದ ಪಾರ್ಟಿಗೆ ಕೊಟ್ಟೆ ಅಣ್ಣ, ಅವರು ಏನು ಮಾಡಿದರೋ" ಎಂದ. ಆರ್‌ಟಿಒ ಕಚೇರಿಗೆ ಹೋಗಿ, ಗಾಡಿ ನನ್ನ ವಶದಲ್ಲಿಲ್ಲ, ಚಾಸಿ ಮುರಿದಿದೆ ಎಂದು ಸಾಬರ ಗ್ಯಾರೇಜಿನಲ್ಲಿ ತೆಗೆದ ಫೋಟೊಗಳ ಸಮೇತ ಬರೆದುಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಟ್ಟಿದ್ದೇನೆ.

ಇಂದು ಬೆಳಿಗ್ಗೆ ಮತ್ತೆ ನಂಬರ್ ಹಾಕಿ ನೋಡಿದೆ. ಎಫ್‌ಸಿ ಅಕ್ಟೋಬರ್‌ವರೆಗೆ ಇದೆ. ವಿಮೆ ಜೂನ್‌ನಲ್ಲೇ ಮುಗಿದಿದೆ. ಮಾಲೀಕರ ಜಾಗದಲ್ಲಿ ಇನ್ನೂ ನನ್ನದೇ ಹೆಸರು.