ಅಭ್ಯರ್ಥಿಯ ಮಾಹಿತಿ ನೀಡುವ ಆ್ಯಪ್: ದಾವಣಗೆರೆಯ ಮತದಾರರ ದೃಷ್ಟಿಯಿಂದ

ಚುನಾವಣಾ ಆಯೋಗದ 'ನೋ ಯುವರ್ ಕ್ಯಾಂಡಿಡೇಟ್' ಆ್ಯಪ್ ಪ್ರತಿಯೊಬ್ಬ ಮತದಾರನ ಮೊಬೈಲ್‌ನಲ್ಲಿಯೂ ಇರಬೇಕಾದ ಸೇವೆ ಎಂದು ನಾನು ಭಾವಿಸುತ್ತೇನೆ. ರಾಜ್ಯ ಮತ್ತು ಕ್ಷೇತ್ರವನ್ನು ಆಯ್ಕೆ ಮಾಡಿದರೆ ಅಭ್ಯರ್ಥಿಗಳ ಪಟ್ಟಿ ದೊರೆಯುತ್ತದೆ. ಹೆಸರನ್ನು ಒತ್ತಿದರೆ ಅವರ ಮೇಲೆ ಕ್ರಿಮಿನಲ್ ಪ್ರಕರಣಗಳಿವೆಯೇ ಎಂಬುದು ತಿಳಿಯುತ್ತದೆ ಮತ್ತು ಆಸ್ತಿ, ಸಾಲ, ವಿದ್ಯಾರ್ಹತೆಗಳನ್ನು ಒಳಗೊಂಡ ಪ್ರಮಾಣಪತ್ರವನ್ನೂ ಓದಬಹುದು. ಈ ವಿವರಗಳನ್ನು ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ಎತ್ತಿಹಿಡಿದಿದೆ.

ಆದರೆ ನಮ್ಮ ಜಿಲ್ಲೆಯ ಮತ ಇಷ್ಟರಿಂದಲೇ ನಿರ್ಧಾರವಾಗುವುದಿಲ್ಲ. ಜಗಳೂರಿನ ರೈತ ಭದ್ರಾ ಮೇಲ್ದಂಡೆ ಯೋಜನೆಯ ನೀರು ತನ್ನ ಊರಿನ ಕೆರೆಗೆ ಯಾವಾಗ ಬರುತ್ತದೆ ಎಂದು ಕೇಳುತ್ತಾನೆ. 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದ 5,300 ಕೋಟಿ ರೂಪಾಯಿಯ ಲೆಕ್ಕ ಅವನ ಬಾಯಲ್ಲಿಯೇ ಇದೆ. ಅದೇ ಲೋಕಸಭಾ ಕ್ಷೇತ್ರದ ಮಲೇಬೆನ್ನೂರಿನ ಭತ್ತದ ಬೆಳೆಗಾರನಿಗೆ ಭದ್ರಾ ನಾಲೆಯ ನೀರು ಅಚ್ಚುಕಟ್ಟಿನ ಕೊನೆಯವರೆಗೂ ತಲುಪಬೇಕು. ಇವರ ನಡುವೆ ಮೆಕ್ಕೆಜೋಳದ ಬೆಲೆ, ಗೃಹಲಕ್ಷ್ಮಿಯ ಹಣ, ಜಾತಿಯ ಲೆಕ್ಕಾಚಾರಗಳೂ ಸೇರುತ್ತವೆ. ಈ ಪ್ರಶ್ನೆಗಳಿಗೆ ಅಭ್ಯರ್ಥಿಯ ಉತ್ತರವೇನು ಎಂಬುದಕ್ಕೆ ಪ್ರಮಾಣಪತ್ರದಲ್ಲಿ ಜಾಗವೇ ಇಲ್ಲ. ಆಯೋಗವು ಪಕ್ಷಪಾತದ ಆರೋಪಕ್ಕೆ ಒಳಗಾಗದಂತೆ ನಡೆದುಕೊಳ್ಳಬೇಕಾದುದು ನಿಜ. ಆದರೂ ಪ್ರಣಾಳಿಕೆಗಳನ್ನು ಕನ್ನಡದಲ್ಲಿ ಆ್ಯಪ್‌ನಲ್ಲಿಯೇ ಸೇರಿಸಿದರೆ ಬಹಳ ಉಪಕಾರವಾಗುತ್ತದೆ.

ಪ್ರಮಾಣಪತ್ರದ ಸ್ಕ್ಯಾನ್ ಮಾಡಿದ ಪುಟಗಳನ್ನು ಸಣ್ಣ ಪರದೆಯ ಮೇಲೆ ಓದುವುದು ವಯಸ್ಸಾದವರಿಗೆ ಕಷ್ಟ. ನಾಮಪತ್ರ ಹಿಂಪಡೆಯುವ ದಿನದವರೆಗೆ ಕಣದ ಚಿತ್ರ ಬದಲಾಗುತ್ತಿರುವುದರಿಂದ, ಅದು ಮುಗಿದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುವುದು ಉತ್ತಮ.