ಪುಟ ಗುರುತಿಸೋಕೆ ವಿಳಾಸ ನೋಡಬೇಕಾ, ರೌಟ್ ಹೆಸರು ನೋಡಬೇಕಾ?

ಕಲಬುರಗಿಯ ಒಂದು ದಾಲ್ ಮಿಲ್‌ಗೆ ಲಾರಾವೆಲ್ ಅನ್ನುವ ಪಿಎಚ್‌ಪಿ ಫ್ರೇಮ್‌ವರ್ಕ್‌ನಲ್ಲಿ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ನೋಡುವವರು ಯಾವ ಪುಟದಲ್ಲಿದ್ದಾರೋ ಮೆನುವಿನಲ್ಲಿ ಅದಕ್ಕೆ ಬಣ್ಣ ಬರಬೇಕಿತ್ತು. ಇದಕ್ಕೆ ಎರಡು ದಾರಿ ಇವೆ.

ಒಂದು ಲಾರಾವೆಲ್‌ನ ‘ಇಸ್’ (is) ಫಂಕ್ಷನ್. ಇದು ವಿಳಾಸದಲ್ಲಿ ಡೊಮೇನ್ ಆದಮೇಲಿನ ಭಾಗವನ್ನು ನೋಡುತ್ತದೆ. ಪ್ರಶ್ನೆ ಚಿಹ್ನೆಯ ನಂತರದ್ದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ‘ಬೇಳೆ’, ಸ್ಲ್ಯಾಶ್, ಸ್ಟಾರ್ ಅಂತ ಬರೆದರೆ ಬೇಳೆಯ ಒಳಪುಟಗಳೆಲ್ಲ ಸಿಗುತ್ತವೆ. ಆದರೆ ಬರೀ ‘ಬೇಳೆ’ ಅನ್ನುವ ಮುಖ್ಯ ಪುಟ ಸಿಗುವುದಿಲ್ಲ. ಅದನ್ನು ಬೇರೆಯಾಗಿ ಸೇರಿಸಬೇಕು. ಇದು ಗೊತ್ತಾಗದೆ ನನ್ನ ಅರ್ಧ ದಿನ ಹೋಯಿತು.

ಇನ್ನೊಂದು ‘ರೌಟ್ ಇಸ್’ (routeIs). ಯಾವ ವಿಳಾಸಕ್ಕೆ ಯಾವ ಪುಟ ತೋರಿಸಬೇಕು ಅಂತ ಹೇಳುವ ಸಾಲೇ ರೌಟ್. ಇದು ನೋಡುವುದು ವಿಳಾಸವನ್ನಲ್ಲ, ರೌಟ್‌ಗೆ ನೀವಿಟ್ಟ ಹೆಸರನ್ನು. ನಮ್ಮೂರನ್ನೇ ತಗೊಳ್ಳಿ. 2014ರ ನವೆಂಬರ್ 1ರಂದು ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ಯಾವುದೋ ಸೈಟಿನ ವಿಳಾಸದಲ್ಲಿ ಹಳೆ ಹೆಸರು ಉಳಿದಿದೆ ಅಂದುಕೊಳ್ಳಿ. ಅದನ್ನು ಬದಲಿಸಿದರೆ, ‘ಇಸ್’ ಬಳಸಿದ ಪ್ರತಿ ಬ್ಲೇಡ್ ಫೈಲನ್ನೂ (ಪುಟದ ಟೆಂಪ್ಲೇಟ್) ಹುಡುಕಿ ತಿದ್ದಬೇಕು. ‘ರೌಟ್ ಇಸ್’ ಇದ್ದರೆ ರೌಟ್ ಫೈಲಿನಲ್ಲಿ ಮಾತ್ರ ತಿದ್ದಿದರೆ ಆಯಿತು. ವಿಳಾಸದ ಮುಂದೆ ಭಾಷೆಯ ಗುರುತು ಬರುವ ಕನ್ನಡ-ಇಂಗ್ಲಿಷ್ ಸೈಟಿಗೂ ಇದೇ ವಾಸಿ. ಯಾವ ಭಾಷೆಯಲ್ಲಿದ್ದರೂ ಹೆಸರು ಒಂದೇ, ಅಲ್ವಾ?

ಒಂದು ಎಚ್ಚರ ಬೇಕು. ರೌಟ್‌ಗೆ ಹೆಸರಿಡುವುದು ಮರೆತರೆ ಇದು ಸುಮ್ನೆ ‘ಅಲ್ಲ’ ಅನ್ನುತ್ತದೆ, ಎರರ್ ತೋರಿಸುವುದಿಲ್ಲ.

ಹೆಸರೇ ಇಡದ ಹಳೆ ಕೋಡ್ ನಿಮ್ಮ ಕೈಗೆ ಬಂದಿದ್ದರೆ ಸದ್ಯಕ್ಕೆ ‘ಇಸ್’ ಸಾಕು. ಹೊಸದಾಗಿ ಶುರು ಮಾಡುತ್ತಿದ್ದರೆ ಮೊದಲ ದಿನವೇ ಎಲ್ಲ ರೌಟ್‌ಗೂ ಹೆಸರಿಟ್ಟು ‘ರೌಟ್ ಇಸ್’ ಬಳಸಿ.