ಹನ್ನೊಂದು ವರ್ಷ ನನಗೆ, ಮೂರು ವರ್ಷ ಅವಳಿಗೆ

ನಾನು ಓದೋ ಪತ್ತೇದಾರಿ ಸರಣಿಯಲ್ಲಿ ನಾಯಕಿಯ ಸಹಾಯಕಿ ಪೀಬಾಡಿಗೆ ಡಿಟೆಕ್ಟಿವ್ ಪ್ರಮೋಷನ್ ಸಿಕ್ಕಿದ್ದು ಓದಿ ಖುಷಿಪಟ್ಟಿದ್ದೆ. ಮುಂದಿನ ಪುಸ್ತಕ ತೆಗೆದರೆ ಮತ್ತೆ ಯೂನಿಫಾರ್ಮ್ ಹಾಕ್ಕೊಂಡು ನಿಂತಿದ್ದಾಳೆ! ತಪ್ಪು ಲೇಖಕಿಯದಲ್ಲ, ನನ್ನ ಜೇಬಿನದು. ದಾವಣಗೆರೆಗೆ ಹಳೇ ಪುಸ್ತಕ ಮಾರೋರು ಬಂದಾಗ ಯಾವ ನಂಬರ್ ಸಿಗುತ್ತೋ ಅದೇ ನನ್ನ ಪಾಲಿಗೆ ಮುಂದಿನ ಭಾಗ.

ಜೆ. ಡಿ. ರಾಬ್ ಅನ್ನೋ ಹೆಸರಲ್ಲಿ ನೋರಾ ರಾಬರ್ಟ್ಸ್ ಬರೆಯೋ 'ಇನ್ ಡೆತ್' ಸರಣಿ ಇದು. ಮೊದಲನೇದು ಬಂದಿದ್ದು 1995ರಲ್ಲಿ, ಕಥೆ ನಡೆಯೋದು 2058ರ ನ್ಯೂಯಾರ್ಕಲ್ಲಿ. ಕೊಲೆ ಯಾರು ಮಾಡಿದರು ಅನ್ನೋದನ್ನ ಬಿಡಿ, ಅರ್ಧದಷ್ಟು ಪುಸ್ತಕಗಳಲ್ಲಿ ಅದು ಮೊದಲೇ ಗೊತ್ತಾಗಿಬಿಡುತ್ತೆ. ನನ್ನನ್ನ ಹಿಡಿದಿಟ್ಟಿರೋದು ನಾಯಕಿ, ಪೊಲೀಸ್ ಲೆಫ್ಟಿನೆಂಟ್ ಈವ್ ಡಾಲಸ್‌ಳ ದಿನಚರಿ. ಹೆಣದ ಹತ್ತಿರ ಹೋಗೋ ಮುಂಚೆ ಸುಳಿವು ಕೆಡದ ಹಾಗೆ ಕೈಗೂ ಬೂಟಿಗೂ ಸೀಲ್ ಸ್ಪ್ರೇ ಹೊಡ್ಕೋತಾಳೆ, ರೆಕಾರ್ಡರ್ ಆನ್ ಮಾಡ್ತಾಳೆ, ಬೋರ್ಡಿಗೆ ಫೋಟೋ ಅಂಟಿಸಿ ಕಾಫಿ ಹಿಡ್ಕೊಂಡು ಎದುರಿಗೆ ಕೂರ್ತಾಳೆ. ಆಫೀಸಲ್ಲಿ ಬಚ್ಚಿಟ್ಟ ಚಾಕಲೇಟ್ ಯಾರೋ ಕದೀತಾರೆ. ಇಷ್ಟು ಕೊಲೆಗಾರರನ್ನ ಹಿಡಿದವಳಿಗೆ ಆ ಕಳ್ಳ ಸಿಕ್ಕಿಲ್ಲ.

ಆ ಕಾಲದಲ್ಲಿ ನಿಜವಾದ ಕಾಫಿ ಅಪರೂಪ, ಸಿರಿವಂತರ ಸೊತ್ತು. ಗಂಡ ರೋರ್ಕ್ ಮೊದಮೊದಲು ಇವಳ ಮನಸ್ಸು ಗೆದ್ದಿದ್ದರಲ್ಲಿ ಕಾಫಿಯದೂ ಪಾಲಿದೆ. ಅದನ್ನ ಓದೋವಾಗ ನನ್ನ ಕೈಯಲ್ಲಿ ಬಸ್ ಸ್ಟ್ಯಾಂಡಿನ ಬೈಟೂ ಕಾಫಿ, ಮುಕ್ಕಾಲು ಪಾಲು ಚಿಕೋರಿ. ಆದರೂ ಅವತ್ತಿಂದ ಕೊನೇ ಗುಟುಕು ಚೆಲ್ಲೋದು ಬಿಟ್ಟಿದ್ದೀನಿ. ಹರಿಹರಕ್ಕೆ ಹೋಗ್ತಾ ಒಂದು ಅಧ್ಯಾಯ, ಬರ್ತಾ ಒಂದು. ಶಯನಗೃಹದ ಪುಟ ಬಂದರೆ ಪುಸ್ತಕ ಕಿಟಕಿ ಕಡೆ ವಾಲಿಸ್ಕೋಬೇಕು, ಪಕ್ಕದ ಸೀಟಿನ ಯಜಮಾನರು ಇಣುಕ್ತಾರೆ.

ಇಪ್ಪತ್ತು ಪುಸ್ತಕ ದಾಟಿದ ಮೇಲೆ ಸಿಟ್ಟು ಬರೋಕೆ ಶುರುವಾಯ್ತು. ಪ್ರತಿ ಸಲ ಅದೇ ಬಾಲ್ಯದ ಕೆಟ್ಟ ಕನಸು, ಮನೆ ನೋಡ್ಕೊಳ್ಳೋ ಸಮರ್‌ಸೆಟ್ ಜೊತೆ ಬಾಗಿಲಲ್ಲೇ ಅದೇ ಜಗಳ, ರೋರ್ಕ್ ದುಡ್ಡಿನ ಅದೇ ವರ್ಣನೆ. ಅದಕ್ಕಿಂತ ದೊಡ್ಡ ತಕರಾರು ಕಾಲದ್ದು. ಅರವತ್ತು ಪುಸ್ತಕ ಆದರೂ ಕಥೆ 2061ಕ್ಕೆ ಬಂದು ನಿಂತಿದೆ. ನಾನು ಓದೋಕೆ ಶುರು ಮಾಡಿದಾಗ ಒಂದನೇ ಕ್ಲಾಸಲ್ಲಿದ್ದ ಮಗಳು ಈಗ ಪಿಯುಸಿ ಮುಗಿಸ್ತಿದ್ದಾಳೆ. ನನಗೆ ಕನ್ನಡಕ ಬಂತು. ಈವ್ ಇನ್ನೂ ಮೂವತ್ತರ ಆಚೀಚೆ, ಇನ್ನೂ ಲೆಫ್ಟಿನೆಂಟ್.

"ಏನಣ್ಣಾ, ನಿಮ್ಮ ಪೊಲೀಸಮ್ಮಂಗೆ ಇನ್ನೂ ಪ್ರಮೋಷನ್ ಇಲ್ವಾ?" ಅಂತ ಕಂಡಕ್ಟರ್ ಕೇಳ್ತಾನೆ.

ಕಳೆದ ಮಳೆಗಾಲ ಅಮ್ಮ ಆಸ್ಪತ್ರೆಯಲ್ಲಿದ್ದಾಗ, ಹಿಂದೆ ಓದಿದ್ದ ಒಂದನ್ನೇ ಬ್ಯಾಗಿಗೆ ಹಾಕ್ಕೊಂಡು ಹೋಗಿದ್ದೆ. ವಾರ್ಡಿನ ಹೊರಗಿನ ಬೆಂಚಲ್ಲಿ, ರಾತ್ರಿ ಎರಡು ಗಂಟೆಗೆ, ಸಮರ್‌ಸೆಟ್ ಬಾಗಿಲಲ್ಲೇ ಜಗಳಕ್ಕೆ ನಿಂತಿದ್ದ. ಈವ್ ಏನು ಹೇಳ್ತಾಳೆ ಅಂತ ನನಗೆ ಮೊದಲೇ ಗೊತ್ತಿತ್ತು. ಅದೇ ಬೇಕಾಗಿತ್ತು ಅವತ್ತು. ಸಿಟ್ಟು ಅಲ್ಲಿಗೆ ಅರ್ಧ ಇಳೀತು.

ಹೊಸಬರು ಮೊದಲನೇದರಿಂದಲೇ ಶುರು ಮಾಡಿ, ನನ್ನ ಥರ ಹಿಂದೆ ಮುಂದೆ ಓದಬೇಡಿ. ಅರವತ್ತನೇದು 2025ರಲ್ಲಿ ಬಂತು. ಹೊಸದರ ಬೆಲೆ ನೋಡಿ ಮೊಬೈಲ್ ಜೇಬಿಗಿಟ್ಟೆ. ನಾಲ್ಕೈದು ವರ್ಷಕ್ಕೆ ನಮ್ಮೂರ ಹಳೇ ಪುಸ್ತಕದ ರಾಶಿಗೆ ಬರುತ್ತೆ. ಅಷ್ಟರಲ್ಲಿ ಅವಳಿಗೆ ಆಗೋದು ಹೆಚ್ಚೆಂದರೆ ಆರು ತಿಂಗಳು.